ಬಂಗೇರ ಬರಿಯ ಹುಕ್ರಪ್ಪ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಮುಂಡಪ್ಪನ ಹೋಟೆಲನ್ನು ಕಾಲೇಜಿನ ಮಕ್ಕಳೆಲ್ಲ ಮಿಲಿಟರಿ ಹೋಟೆಲ್ ಎಂದೇ ಕರೆಯುವುದು. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಹುಡುಗರು ಆ ಹೆಸರು ಕೇಳಿ ಮಟನ್ ಸಾರಿನ ಆಸೆಯಲ್ಲಿ ಓಡಿಬಂದು, ಬನ್ಸು ತಿಂದು ಪೆಚ್ಚು ಮುಖ ಮಾಡಿಕೊಂಡು ಹೋಗುತ್ತಾರೆ. ಹೆಸರು ಬಂದದ್ದು ಮಟನ್‌ನಿಂದಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ತೂಗುಹಾಕಿದ ಯೂನಿಫಾರ್ಮಿನ ಫೋಟೋದಿಂದ. ಯಾರಾದರೂ ಫೋಟೋ ನೋಡಿ, ‘ಕಾರ್ಗಿಲಾ ಅಂಕಲ್?’ ಎಂದು ಕೇಳುತ್ತಾರೆ. ‘ಅಲ್ಲ, ಲಂಕೆ’ ಎಂದರೆ, ‘ಲಂಕೆಯಲ್ಲಿ ನಮಗೆ ಯುದ್ಧ ಇತ್ತಾ?’ ಎಂದು ಮತ್ತೊಂದು ಪ್ರಶ್ನೆ. ಕೆಲವು ವರ್ಷ ಉತ್ತರ ಹೇಳಿ ಹೇಳಿ ಸಾಕಾಗಿ ಮುಂಡಪ್ಪ ಈಗ, ‘ಸಾಂಬಾರು ಬೇಕಾ?’ ಎಂದು ಕೇಳಿ ಸುಮ್ಮನಾಗುತ್ತಾನೆ.

ಅವತ್ತು ಬೆಳಗ್ಗಿನ ಗಲಾಟೆ ಮುಗಿದು ಹೋಟೆಲು ಖಾಲಿಯಾಗುವ ಹೊತ್ತಿಗೆ ಫೋನು ಬಂತು. ರಬ್ಬರ್ ಶೀಟ್ ವ್ಯಾಪಾರದ ಉಮ್ಮರ್ ಎದುರಿನ ಬೆಂಚಿನಲ್ಲಿ ಕೂತು ಚಾ ಆರಿಸುತ್ತಿದ್ದ.

“ಮುಂಡಪ್ಪಣ್ಣ, ನಾನು ಹುಕ್ರಪ್ಪ.”

ಹುಕ್ರಪ್ಪ ಫೋನು ಮಾಡುವ ಜನವಲ್ಲ. ಬೆಳ್ತಂಗಡಿ ಆಚೆಯ ಒಂದು ರಬ್ಬರ್ ಎಸ್ಟೇಟಿನಲ್ಲಿ ಟ್ಯಾಪಿಂಗ್ ಮಾಡಿಕೊಂಡು, ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗುವ ಮನುಷ್ಯ.

“ಪೊಲೀಸ್ ಔಟ್‌ಪೋಸ್ಟಿನಲ್ಲಿ ಕೂರಿಸಿದ್ದಾರೆ. ಎಸ್ಟೇಟಿನಲ್ಲಿ ಹೊರದೇಶದವರಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದಾರಂತೆ. ಅಸ್ಸಾಮಿನ ಹುಡುಗರನ್ನೆಲ್ಲ ಕೇಳಿ ಬಿಟ್ಟರು. ನನ್ನನ್ನು ಬಿಡಲಿಲ್ಲ.”

“ಯಾಕೆ? ನಿನ್ನ ಕಾರ್ಡೆಲ್ಲ ಸರಿ ಉಂಟಲ್ಲ?”

“ಕಾರ್ಡಿನಲ್ಲಿ ಹುಟ್ಟಿದ್ದು ನಿಮ್ಮ ಊರು ನರಿಕೊಂಬು ಅಂತ ಉಂಟು. ಅವರು ಬಂಟ್ವಾಳಕ್ಕೆ ಫೋನು ಮಾಡಿ ನರಿಕೊಂಬಿನಲ್ಲಿ ವಿಚಾರಿಸಿದ್ದಾರೆ. ಅಂಥವನನ್ನು ಕಂಡೇ ಇಲ್ಲ ಅಂತ ಅಲ್ಲಿಯವರು ಹೇಳಿದ್ದಾರೆ.” ಅವನ ಸ್ವರ ಇಳಿಯಿತು. “ಅಲ್ಲಿ ನನ್ನ ಗುರ್ತ ಇರುವುದು ನಿಮಗೆ ಮಾತ್ರ ಅಂದೆ. ನೀವು ಬಂದು ಹೇಳಿದರೆ ಬಿಡ್ತಾರಂತೆ. ಇಲ್ಲದಿದ್ದರೆ ಇವತ್ತೇ ಮಂಗಳೂರಿಗೆ. ಅಲ್ಲಿಂದ ಕ್ಯಾಂಪಿಗೆ. ಆಮೇಲೆ ಎಲ್ಲಿಗೋ.”

ಎಲ್ಲಿಗೆಂದು ಇಬ್ಬರಿಗೂ ಗೊತ್ತಿತ್ತು. ಮುಂಡಪ್ಪ ಫೋನು ಕಿಸೆಗೆ ಹಾಕಿ ಎದ್ದ.

“ಉಮ್ಮರಾಕ, ಪಿಕಪ್ ತೆಗೆಯಿರಿ. ಬೆಳ್ತಂಗಡಿಗೆ ಹೋಗುವ.”

“ಚಾ ಆದರೂ ಕುಡಿಯುವ ಮಾರಾಯ.”

“ಚಾ ನನ್ನದೇ ಅಲ್ವಾ, ಓಡಿ ಹೋಗುವುದಿಲ್ಲ. ಏಳಿ.”

ವೇಣೂರು ರಸ್ತೆಯಲ್ಲಿ ಪಿಕಪ್ ಓಡುತ್ತಿತ್ತು. ಹಿಂದೆ ರಬ್ಬರ್ ಶೀಟುಗಳ ಹುಳಿ ವಾಸನೆ, ಮುಂದೆ ಉಮ್ಮರನ ಬಾಯಿ. ಕನ್ಯಾನದವ. ಅವನ ಬಾಯಿ ಮುಚ್ಚಿಸಲು ಹೆತ್ತವರಿಂದಲೂ ಆಗಿರಲಿಲ್ಲ.

“ಅದಕ್ಕೆ ಇಷ್ಟು ಹೆದರುವುದು ಎಂಥಕ್ಕೆ? ಹೋಗುವ, ನರಿಕೊಂಬಿನವ, ನನ್ನ ಜನ ಅಂತ ಹೇಳುವ, ಬರುವ. ನೀವು ಮಿಲಿಟರಿಯವರು. ನಿಮ್ಮ ಮಾತು ನಂಬದೆ ನನ್ನ ಮಾತು ನಂಬ್ತಾರಾ?”

“ಅವನು ನರಿಕೊಂಬಿನವ ಅಲ್ಲ ಉಮ್ಮರಾಕ.”

“ಮತ್ತೆ? ಪಾಣೆಮಂಗಳೂರಾ?”

“ಜಾಫ್ನಾ.”

“ಅದೆಲ್ಲಿ, ಕಾಸರಗೋಡಿನಿಂದ ಆಚೆಯಾ?”

“ಸಮುದ್ರದಿಂದ ಆಚೆ.”

ಉಮ್ಮರ್ ಬ್ರೇಕ್ ಒತ್ತಿದ. ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹೊಡೆದು, ಕಿಟಕಿಯಿಂದ ಅಪ್ಪನನ್ನೂ ಅಜ್ಜನನ್ನೂ ಸೇರಿಸಿ ಬೈದುಕೊಂಡು ಮುಂದೆ ಹೋದ.

“ಹತ್ತಿಪ್ಪತ್ತು ವರ್ಷದಿಂದ ಅವನ ಕೈಯಿಂದ ಶೀಟು ತೆಗೊಳ್ತಾ ಇದ್ದೇನೆ ನಾನು! ನನಗಿಂತ ಚಂದ ತುಳು ಮಾತಾಡ್ತಾನೆ!”

“ಕಲಿಸಿದ್ದು ನಾನು. ನಾನು ಮತ್ತು ನಿಮ್ಮ ಊರಿನ ಹನೀಫಾ.”

“ಯಾವ ಹನೀಫಾ? ಮಿಲಿಟರಿ ಹನೀಫಾಕನಾ? ತೀರಿಹೋದರಲ್ಲ, ಅವರಾ?”

“ಅವನೇ. ಗಾಡಿ ಬಿಡಿ, ಹೇಳ್ತೇನೆ.”

ಹೇಳಿದ. ಮೂವತ್ತೈದು ವರ್ಷ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದನ್ನು ವೇಣೂರು ದಾಟುವುದರೊಳಗೆ ಹೇಳಿ ಮುಗಿಸಿದ.

ಎಂಬತ್ತೇಳರಲ್ಲಿ ಅವರ ತುಕಡಿ ಲಂಕೆಗೆ ಇಳಿದಾಗ ಮುಂಡಪ್ಪ ಮೀಸೆ ಸರಿಯಾಗಿ ಮೂಡದ ವಯರ್‌ಲೆಸ್ ಸಿಪಾಯಿ. ಎದುರಾಳಿಗಳಾದ ಅಲ್ಲಿಯ ತಮಿಳು ಬಂಡುಕೋರರು ಇವರ ವಯರ್‌ಲೆಸ್ಸಿಗೆ ಕಿವಿಕೊಟ್ಟೇ ಕೂತಿರುತ್ತಿದ್ದರು. ತಮಿಳು ಅವರದ್ದೇ ಭಾಷೆ, ಇಂಗ್ಲಿಷು ಬರುತ್ತಿತ್ತು, ಮಲಯಾಳ ಹೇಗೂ ಅರ್ಥವಾಗುತ್ತಿತ್ತು, ಹಿಂದಿಗೂ ಜನ ಇಟ್ಟುಕೊಂಡಿದ್ದರು. ಆಗ ಕ್ಯಾಪ್ಟನ್ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಈ ತುದಿಗೆ ಮುಂಡಪ್ಪ, ಆ ತುದಿಗೆ ಹನೀಫಾ. ಇನ್ನು ಮೇಲೆ ತುಳುವಿನಲ್ಲೇ ಮಾತು. ಕೇಳುವವರು ಕೇಳಲಿ!

ಊರವರ ಹತ್ತಿರ ಮಾತಾಡಲು ಸಿಕ್ಕಿದ ದುಭಾಷಿ ಹುಡುಗನ ಹೆಸರು ರಾಸನಾಯಗಂ. ಚಾವಕಚ್ಚೇರಿ ಹತ್ತಿರದ ಒಬ್ಬ ಪೋಸ್ಟ್‌ಮಾಸ್ಟರನ ಮಗ. ಊರಿನಲ್ಲಿ ಶಾಂತಿ ತರಲು ಬಂದವರಿಗೆ ಸಹಾಯ ಮಾಡಬೇಕೆಂದು ಅವನ ಅಪ್ಪನೇ ಕಳಿಸಿಕೊಟ್ಟದ್ದು. ತಮಿಳಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಹಿಂದಿಗೆ, ಹಿಂದಿಯಿಂದ ತುಳುವಿಗೆ ಎಂದು ಮಾತು ಮೂರು ಮನೆ ಸುತ್ತಿ ಬರುವಷ್ಟರಲ್ಲಿ ಗುಂಡು ಬಂದು ಮುಗಿಯುತ್ತಿತ್ತು. ಹಾಗಾಗಿ ಆ ಹುಡುಗ ಮುಂಡಪ್ಪನ ಪಕ್ಕದಲ್ಲೇ ಮಲಗಿ ಎದ್ದು, ತುಳುವನ್ನೇ ಕಲಿತುಬಿಟ್ಟ. ವಯರ್‌ಲೆಸ್ಸಿನಲ್ಲಿ ಅವನ ಹೆಸರು ಹೇಳುವಂತಿಲ್ಲ. ಹೇಳಿದರೆ ಎದುರಾಳಿಗಳು ಅವನ ಮನೆಯವರನ್ನು ಉಳಿಸುವುದಿಲ್ಲ. ಶುಕ್ರವಾರ ಸಿಕ್ಕಿದವ, ಹುಕ್ರಪ್ಪ ಇರಲಿ ಎಂದ ಹನೀಫಾ. ಇನ್ನೊಂದು ದಿನ ಆ ತುದಿಯಿಂದ ಅವನೇ ತಮಾಷೆಗೆ, ‘ನಿನ್ನ ಹುಕ್ರಪ್ಪ ಯಾವ ಬರಿ ಮಾರಾಯ?’ ಎಂದು ಕೇಳಿದಾಗ ಮುಂಡಪ್ಪ, ‘ನನ್ನದೇ, ಬಂಗೇರ’ ಎಂದಿದ್ದ. ಬರಿ ಎಂದರೆ ತಾಯಿಯಿಂದ ಬರುವ ಕುಲದ ಹೆಸರು. ತಮಾಷೆಯಾಗಿ ಕೊಟ್ಟದ್ದು ತಮಾಷೆಯಾಗಿ ಉಳಿಯಲಿಲ್ಲ.

“ಒಂದು ದಿನ ಒಬ್ಬಳು ಅಜ್ಜಿ ನಮಗೆ ದಾರಿ ತೋರಿಸಿದಳು. ನಾನು ಹೆಜ್ಜೆ ಇಡುವಾಗ ಇವನು ನನ್ನ ಬೆಲ್ಟು ಹಿಡಿದು ಎಳೆದ. ಯಾಕೋ ಅಂದರೆ, ‘ಅಜ್ಜಿ ಹೋಗಿ ಅಂತ ಮಾತ್ರ ಹೇಳಿದಳು ಅಣ್ಣ, ಹೋಗಿ ಬನ್ನಿ ಅಂತ ಹೇಳಲಿಲ್ಲ’ ಅಂದ.” ಮುಂಡಪ್ಪ ಕಿಟಕಿಯ ಹೊರಗೆ ನೋಡಿದ. “ಆ ದಾರಿಯಲ್ಲಿ ಮೂರು ಕಡೆ ಮೈನ್ ಇತ್ತು.”

ಉಮ್ಮರ್ ಗಾಡಿ ನಿಧಾನ ಮಾಡಿದ.

“ಮತ್ತೆ ಇಲ್ಲಿಗೆ ಹೇಗೆ?”

“ತೊಂಬತ್ತರಲ್ಲಿ ವಾಪಸು ಬನ್ನಿ ಅಂತ ಹುಕುಂ ಆಯಿತು. ಟ್ರಿಂಕೋಮಲಿಯಿಂದ ಹಡಗು. ನಮಗೆ ಬಂದ ಆರ್ಡರಿನಲ್ಲಿ ಮೇಜು ಕುರ್ಚಿ ಸಮೇತ ಬರೆದಿತ್ತು, ದುಭಾಷಿಗಳ ಮಾತು ಇರಲಿಲ್ಲ. ಇವನ ಅಣ್ಣನನ್ನು ಅಷ್ಟರಲ್ಲೇ ಕರೆಂಟು ಕಂಬಕ್ಕೆ ಕಟ್ಟಿ ಕೊಂದಾಗಿತ್ತು. ತಮ್ಮ ನಮಗೆ ಮಾತು ಹೇಳಿದ್ದಕ್ಕೆ. ನಾನು ನನ್ನ ಇನ್ನೊಂದು ಯೂನಿಫಾರ್ಮ್ ಇವನಿಗೆ ಹಾಕಿಸಿದೆ. ಏಣಿಯ ಹತ್ತಿರ ಕ್ಯಾಪ್ಟನ್ ಸಾಹೇಬ್ರು ಹೆಸರು ಕೇಳಿದರು. ‘ಹುಕ್ರಪ್ಪ ಬಂಗೇರ, ಸಾಬ್’ ಅಂದ. ಸಾಹೇಬ್ರು ನನ್ನ ಮುಖ ನೋಡಿದರು. ಮುಂದೆ ನಡಿ ಅಂದರು. ಅವರೂ ಈಗ ಇಲ್ಲ. ಮದ್ರಾಸಿನ ಕ್ಯಾಂಪಿನಿಂದ ಇವನನ್ನು ಈ ಕಡೆಯ ಎಸ್ಟೇಟಿಗೆ ಸೇರಿಸಿ, ಊರು ಕೇಳಿದರೆ ನನ್ನ ನರಿಕೊಂಬು ಅಂತಲೇ ಹೇಳು ಅಂದೆ.”

“ಅಲ್ಲ,” ಎಂದು ಉಮ್ಮರ್ ಸ್ಟೇರಿಂಗಿಗೆ ಒಂದು ಗುದ್ದಿದ, “ಅದೇ ವರ್ಷ ನಾನು ಕುವೈತಿನಲ್ಲಿ ಬಕಾಲ ಅಂತ ದಿನಸಿ ಅಂಗಡಿಯಲ್ಲಿದ್ದೆ. ಯುದ್ಧ ಆಯಿತು. ಮರುಭೂಮಿ ದಾಟಿ ಅಮ್ಮಾನಿಗೆ ಬಂದರೆ ನಮ್ಮ ದೇಶದ ವಿಮಾನ ಸಾಲಾಗಿ ನಿಂತಿತ್ತು ಮಾರಾಯ! ಹೊಟ್ಟೆಪಾಡಿಗೆ ಹೋದ ನನ್ನನ್ನು ವಿಮಾನದಲ್ಲಿ ತಂದರು. ನಿಮ್ಮ ಪ್ರಾಣ ಉಳಿಸಿದವನಿಗೆ ಹಡಗಿನ ಒಂದು ಮೂಲೆ ಕೊಡಲಿಕ್ಕೆ ಆಗಲಿಲ್ಲವಾ?”

“ನನ್ನ ಹತ್ತಿರ ಕೇಳಿದರೆ?”

“ಮತ್ತೆ ಯಾರ ಹತ್ತಿರ ಕೇಳುವುದು? ನಿಮ್ಮ ಬನ್ಸಿನ ಹತ್ತಿರವಾ?” ಗುರುವಾಯನಕೆರೆಯ ತಿರುವಿನಲ್ಲಿ ಗಾಡಿ ತಿರುಗಿಸುತ್ತಾ ಅವನು ತಣ್ಣಗಾದ. “ನೋಡಿ, ಇದೆಲ್ಲ ಅಲ್ಲಿ ಬಾಯಿ ಬಿಡಬೇಡಿ. ನರಿಕೊಂಬು, ನನ್ನ ಜನ, ಮುಗಿಯಿತು. ಸತ್ಯ ಹೇಳಿದರೆ ಅವನೂ ಒಳಗೆ, ಹತ್ತಿಸಿಕೊಂಡು ಬಂದ ನೀವೂ ಒಳಗೆ. ಪಿಂಚಣಿಗೂ ಕಲ್ಲು.”

ಮುಂಡಪ್ಪನ ಮನಸ್ಸಿನಲ್ಲಿಯೂ ಅದೇ ಇತ್ತು.

ಔಟ್‌ಪೋಸ್ಟ್ ಎಂದರೆ ಹಂಚಿನ ಎರಡು ಕೋಣೆ, ಮುಂದೆ ಒಂದು ಜಗಲಿ. ಅಂಗಳದಲ್ಲಿ ಜೀಪು ಮಂಗಳೂರಿನ ದಾರಿಗೆ ಮುಖ ಮಾಡಿ ನಿಂತಿತ್ತು. ಡ್ರೈವರ್ ಆಗಲೇ ಕೂತಾಗಿತ್ತು. ಜಗಲಿಯ ಬೆಂಚಿನಲ್ಲಿ ಹುಕ್ರಪ್ಪನ ಹೆಂಡತಿ ವಾರಿಜ, ಮಡಿಲಲ್ಲಿ ಗಂಡನ ಒಂದು ಅಂಗಿ ಮತ್ತು ಬಿಪಿ ಮಾತ್ರೆ ತುಂಬಿದ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕೂತಿದ್ದಳು.

“ಅಣ್ಣ, ಬಂದಿರಾ!” ಎದ್ದು ನಿಂತಳು. ಅವಳೂ ಬಂಗೇರ. ಗಂಡನ ಊರಿನ ಈ ಮಿಲಿಟರಿಯವರು ತನ್ನದೇ ಬರಿಯವರೆಂದು ಗೊತ್ತಾದ ದಿನದಿಂದ ಅವಳಿಗೆ ಮುಂಡಪ್ಪ ಅಣ್ಣ. ವರ್ಷಕ್ಕೊಮ್ಮೆ ಬಂದರೂ ತವರಿನವರು ಬಂದ ಹಾಗೆ ಕೋಳಿ ಕೊಯ್ಯುವುದು. “ಇವರು ನರಿಕೊಂಬಿನವರೇ ಅಲ್ಲವಂತೆ ಅಣ್ಣ! ಇದಕ್ಕಿಂತ ದೊಡ್ಡ ತಮಾಷೆ ಉಂಟಾ? ಒಂದು ಮಾತು ಹೇಳಿ, ಮನೆಗೆ ಹೋಗುವ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅವರು.”

“ಹೇಳ್ತೇನೆ. ನೀನು ಕೂತುಕೋ.”

ಒಳಗೆ ಸಬ್ ಇನ್ಸ್‌ಪೆಕ್ಟರ್, ಇನ್ನೂ ಹೊಸಬ, ಬಿಜಾಪುರದ ಕಡೆಯವನು. ಬರೆಯಲು ಕೂತದ್ದು ಹೆಡ್ ಕಾನ್‌ಸ್ಟೇಬಲ್ ಶಶಿಪ್ರಭಾ, ಇಲ್ಲಿಯದ್ದೇ ಹೆಂಗಸು. ಮೂಲೆಯ ಸ್ಟೂಲಿನಲ್ಲಿ ಹುಕ್ರಪ್ಪ. ಮುಂಡಪ್ಪನನ್ನು ಕಂಡು ಏಳಹೋದವನು ಮತ್ತೆ ಕೂತ. ಗಡ್ಡ ಬೆಳ್ಳಗಾಗಿದೆ ಎಂದು ಮುಂಡಪ್ಪನಿಗೆ ಈಗ ಕಂಡಿತು.

“ಬರ್ರಿ ಹವಾಲ್ದಾರ ಸಾಹೇಬ್ರ, ಕುಂದರ್ರಿ. ಈ ಮನಿಷ್ಯಾ ನಿಮಗ ಗೊತ್ತೇನ್ರಿ?”

“ಗೊತ್ತುಂಟು ಸಾರ್. ನಮ್ಮ ಹುಕ್ರಪ್ಪ. ನರಿಕೊಂಬಿನವನೇ.”

“ಅಲ್ಲಿ ಮಂದಿ ಇಲ್ಲ ಅಂತಾರಲ್ರೀ?”

“ಸಣ್ಣದಿರುವಾಗಲೇ ಊರು ಬಿಟ್ಟವ ಸಾರ್. ಆಗಿನ ಮುದುಕರೆಲ್ಲ ಹೋಗಿಯಾಯಿತು. ಈಗಿನವರಿಗೆ ಪಕ್ಕದ ಮನೆಯವನ ಗುರ್ತ ಇಲ್ಲ. ಇವನದ್ದು ಎಲ್ಲಿಂದ ಇರ್ತದೆ?”

ಸಬ್ ಇನ್ಸ್‌ಪೆಕ್ಟರ್ ನಕ್ಕ. ನಗು ಬಂದದ್ದು ನೋಡಿ ಮುಂಡಪ್ಪನ ಬೆನ್ನಿನ ಬಿಗಿ ಒಂದು ಸುತ್ತು ಸಡಿಲಾಯಿತು.

“ನಿಮಗ ಏನಾಗಬೇಕಿವರು?”

“ನನ್ನ ಚಿಕ್ಕಮ್ಮನ ಮಗ. ತಾಯಿಯ ತಂಗಿಯ ಮಗ.”

“ಹಂಗಾದ್ರ ಮುಗೀತಲ್ರಿ. ಬರದುಬಿಡ್ರಿ ಮೇಡಂ, ಸಹಿ ತಗೋರಿ, ಕಳಸ್ರಿ. ಸುಮ್ಮನ ಮುದುಕನ್ನ ಕೂಡಿಸಿದಂಗಾತು.” ಅವನು ಕಿಟಕಿಯ ಹೊರಗೆ ಕೈ ಮಾಡಿದ. ಜೀಪಿನ ಡ್ರೈವರ್ ಇಳಿದು ಬೀಡಿ ಹಚ್ಚಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಉಮ್ಮರ್ ಹುಬ್ಬು ಹಾರಿಸಿದ. ನಾನು ಹೇಳಲಿಲ್ಲವಾ ಎಂದು.

ಶಶಿಪ್ರಭಾ ಬರೆಯುತ್ತಾ ಬರೆಯುತ್ತಾ, ಊರಿನವರು ಊರಿನವರ ಹತ್ತಿರ ಕೇಳುವ ಹಾಗೆ, ತುಳುವಿನಲ್ಲಿ ಕೇಳಿದಳು. “ನಮ್ಮ ದೊಡ್ಡಮ್ಮನನ್ನು ನರಿಕೊಂಬಿಗೆ ಕೊಟ್ಟದ್ದು ಅಣ್ಣ. ನಿಮ್ಮದು ಯಾವ ಬರಿ?”

“ಬಂಗೇರ.”

“ಹುಕ್ರಪ್ಪಣ್ಣಂದೂ?”

ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಲಂಕೆಯಲ್ಲಿ, ಹಡಗಿನಲ್ಲಿ, ಮದ್ರಾಸಿನ ಕ್ಯಾಂಪಿನಲ್ಲಿ ಯಾರು ಕೇಳಿದರೂ ಕೊಟ್ಟು ಕೊಟ್ಟು ನಾಲಗೆಗೆ ಅಂಟಿದ್ದ ಉತ್ತರ ತಾನಾಗಿ ಬಿತ್ತು. “ಮತ್ತೆಂಥದ್ದು? ನಮ್ಮದೇ. ಬಂಗೇರ.”

ಜಗಲಿಯಿಂದ ವಾರಿಜ ಬಾಗಿಲಿಗೆ ಬಂದಳು.

“ಬಂಗೇರನಾ?” ಎಂದಳು ನಗುತ್ತಲೇ. “ಮರೆತುಬಿಟ್ಟಿರಾ ಅಣ್ಣ? ಬಂಗೇರ ನಾನು. ಇವರದ್ದು ಸಾಲ್ಯಾನ್ ಬರಿ ಅಲ್ವಾ?”

ಶಶಿಪ್ರಭಾಳ ಪೆನ್ನು ನಿಂತಿತು.

ಮುಂಡಪ್ಪ ಹುಕ್ರಪ್ಪನ ಕಡೆ ನೋಡಿದ. ಹುಕ್ರಪ್ಪ ನೆಲ ನೋಡುತ್ತಿದ್ದ. ಆ ಕ್ಷಣ ಮುಂಡಪ್ಪನಿಗೆ ಎಲ್ಲವೂ ಅರ್ಥವಾಯಿತು. ಇವನ ಮದುವೆಯ ಹೊತ್ತಿಗೆ ತಾನು ಜಮ್ಮುವಿನಲ್ಲಿದ್ದ. ಹುಡುಗಿ ಬಂಗೇರ ಎಂದು ತಿಳಿದಾಗ, ಇವನು ತನ್ನ ಬರಿಯನ್ನು ಸಾಲ್ಯಾನ್ ಮಾಡಿಕೊಂಡಿದ್ದಾನೆ. ತನಗೆ ಹೇಳಲಿಲ್ಲ. ತಾನೂ ಕೇಳಲಿಲ್ಲ. ವಾರಿಜ ಅಣ್ಣ ಎಂದು ಕರೆದು ಕೋಳಿಸುಕ್ಕ ಬಡಿಸಿದಷ್ಟು ಸಲವೂ, ಇವನು ಬಂಗೇರನಾಗಿದ್ದರೆ ಅವಳನ್ನು ಮದುವೆ ಆಗುವ ಹಾಗೇ ಇಲ್ಲವಲ್ಲ ಎಂದು ತನಗೆ ಹೊಳೆಯಲೇ ಇಲ್ಲ. ಹೊಳೆಯುವುದು ಹೇಗೆ? ತನ್ನ ಮನಸ್ಸಿನಲ್ಲಿ ಅವನು ಯಾವ ಬರಿಯವನೂ ಆಗಿರಲಿಲ್ಲ.

“ಏನಾತ್ರೀ ಮೇಡಂ?” ಸಬ್ ಇನ್ಸ್‌ಪೆಕ್ಟರ್ ಮುಖದಿಂದ ಮುಖಕ್ಕೆ ನೋಡಿದ.

“ಸಾರ್, ಒಂದೇ ಬರಿಯವರೆಂದರೆ ಅಣ್ಣ ತಂಗಿ. ಮದುವೆ ಆಗುವ ಕ್ರಮವೇ ಇಲ್ಲ. ಎಂಥ ಬಡವರಾದರೂ ಅದೊಂದು ಕೇಳದೆ ಹೆಣ್ಣು ಕೊಡುವುದಿಲ್ಲ.”

“ನಮ್ಮ ಕಡೆ ಬೆಡಗು ಅಂತೀವಲ್ಲ, ಹಂಗ?”

“ಹೌದು ಸಾರ್.”

“ಬಾಯಿ ತಪ್ಪಿತು,” ಎಂದ ಮುಂಡಪ್ಪ. “ವಯಸ್ಸಾಯಿತಲ್ಲ. ಅವನು ಸಾಲ್ಯಾನೇ.”

ಶಶಿಪ್ರಭಾ ದನಿ ಏರಿಸಲಿಲ್ಲ. “ಅದು ಆಗುವುದಿಲ್ಲ ಅಣ್ಣ. ತಾಯಿಯ ತಂಗಿಯ ಮಗ ಅಂದಿರಲ್ಲ ಈಗ. ಬರಿ ತಾಯಿಯಿಂದ ಬರುವುದು. ಅವನು ನಿಮ್ಮ ಚಿಕ್ಕಮ್ಮನ ಮಗನೇ ಆದರೆ ಬಂಗೇರನೇ ಆಗಬೇಕು. ಸಾಲ್ಯಾನ್ ಆದರೆ ನಿಮ್ಮ ಚಿಕ್ಕಮ್ಮನ ಮಗ ಅಲ್ಲ.”

ಹೊರಗೆ ಡ್ರೈವರ್ ಬೀಡಿ ಎಸೆದು ಮತ್ತೆ ಜೀಪು ಹತ್ತಿದ.

ವಾರಿಜಳ ನಗು ಎಲ್ಲಿಗೆ ಹೋಯಿತೋ. ಅವಳು ಒಳಗೆ ಬಂದು ಮುಂಡಪ್ಪನ ಮುಂದೆ ನಿಂತಳು.

“ಅಣ್ಣ, ನನ್ನ ಮುಖ ನೋಡಿ ಹೇಳಿ. ಇವರು ಬಂಗೇರನಾ? ನಾನು ಇಷ್ಟು ವರ್ಷ... ಅಣ್ಣನಾಗಬೇಕಾದವನ ಜೊತೆಯಾ?” ಅವಳು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡಳು. “ಅದಕ್ಕೇ ನನ್ನ ಹೊಟ್ಟೆಯಲ್ಲಿ ಒಂದೂ ನಿಲ್ಲಲಿಲ್ಲವಾ?”

ಪೊಲೀಸರ ಭಯವೇ ಬೇರೆ, ಇದೇ ಬೇರೆ. ಏನು ಹೇಳಿದರೂ ಒಬ್ಬರು ಸಾಯುತ್ತಾರೆ.

ಹುಕ್ರಪ್ಪ ಸ್ಟೂಲಿನಿಂದ ಎದ್ದ.

“ಅಲ್ಲ ವಾರಿಜ,” ಎಂದ. “ನಾನು ಬಂಗೇರ ಅಲ್ಲ. ಸಾಲ್ಯಾನೂ ಅಲ್ಲ. ನಿನಗೆ ಯಾವ ದೋಷವೂ ಬರಲಿಲ್ಲ. ನನಗೆ ಬರಿಯೇ ಇಲ್ಲ. ನಾನು ಈ ಊರಿನವನಲ್ಲ, ಈ ದೇಶದವನೂ ಅಲ್ಲ.” ಆಮೇಲೆ ಸಬ್ ಇನ್ಸ್‌ಪೆಕ್ಟರನ ಕಡೆ ತಿರುಗಿ, ಎರಡೂ ಕೈ ಮುಂದೆ ಮಾಡಿದ. “ನನ್ನ ಹೆಸರು ರಾಸನಾಯಗಂ ಸಾರ್. ಜಾಫ್ನಾ ಜಿಲ್ಲೆ. ಇವರಿಗೆ ಏನೂ ಗೊತ್ತಿಲ್ಲ. ಮುಂಡಪ್ಪಣ್ಣನಿಗೆ ನಾನೇ ಸುಳ್ಳು ಹೇಳಿ ನಂಬಿಸಿದ್ದು.”

ಸಬ್ ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ನೆಟ್ಟಗೆ ಕೂತ. ಮುಂಡಪ್ಪನ ಕಡೆ ತಿರುಗಿದ.

“ನೋಡ್ರಿ ಸಾಹೇಬ್ರ. ನೀವು ದೇಶಕ್ಕ ದುಡದವರು. ನಿಮ್ಮ ಮ್ಯಾಲೆ ಬರೆಯೂದು ನನಗೂ ಬ್ಯಾಡಾಗೇತಿ. ಈತ ನಿಮಗ ಮೋಸ ಮಾಡಿದನೋ ಇಲ್ಲೋ? ಹೌದು ಅನ್ರಿ ಸಾಕು. ಮೊದಲಿನ ಹಾಳಿ ಹರದು ಒಗೀತೀನಿ. ಎದ್ದು ಹೋಗ್ರಿ.”

ಬಾಗಿಲು ತೆರೆದಿತ್ತು. ಅದರಾಚೆ ಉಮ್ಮರನ ಪಿಕಪ್ಪು. ಮೂಲೆಯಿಂದ ಹುಕ್ರಪ್ಪ ಅವನನ್ನೇ ನೋಡುತ್ತಿದ್ದ. ಹೌದು ಅನ್ನಿ ಅಣ್ಣ ಎಂದು ಕಣ್ಣಿನಲ್ಲೇ ಹೇಳುತ್ತಿದ್ದ. ಮಾತಿಲ್ಲದೆ ಹೇಳುವುದನ್ನು ಇಬ್ಬರೂ ಒಟ್ಟಿಗೆ ಕಲಿತವರು. ಮುಂಡಪ್ಪನಿಗೆ ಪಿಂಚಣಿ ಕಂಡಿತು, ಹೋಟೆಲು ಕಂಡಿತು, ಹೆಂಡತಿಯ ಮುಖ ಕಂಡಿತು. ಹೌದು ಎನ್ನುವುದು ಎಷ್ಟು ಸಣ್ಣ ಮಾತು!

“ಮೋಸ ಮಾಡಲಿಲ್ಲ ಸಾರ್,” ಎಂದ. “ಹಡಗು ಹತ್ತಿಸಿದ್ದು ನಾನು. ಹೆಸರು ಕೊಟ್ಟದ್ದು ನಾವು. ಇವನು ಭಾರತದ ಸೈನ್ಯದ ದುಭಾಷಿ. ನಮ್ಮ ಜೊತೆ ಮುಂದೆ ನಡೆದವ, ಕೈಯಲ್ಲಿ ಕೋವಿಯೂ ಇಲ್ಲದೆ. ಬರೆಯಿರಿ.”

“ಮುಂಡಪ್ಪಣ್ಣ!” ಹೊರಗಿನಿಂದ ಉಮ್ಮರ್.

“ನೀವು ಸುಮ್ಮನಿರಿ.”

“ಕಾಗದ ಪತ್ರ ಏನರ ಐತೇನ್ರಿ?”

“ಇಲ್ಲ.”

“ನಿಮ್ಮ ಆಫೀಸರ್ರು?”

“ತೀರಿಹೋದರು. ಇನ್ನೊಬ್ಬ ಇದ್ದ, ಅವನೂ ಹೋದ. ನಾನೊಬ್ಬ ಉಳಿದದ್ದು.”

ಸಬ್ ಇನ್ಸ್‌ಪೆಕ್ಟರ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. “ಈಗ ಸ್ವಲ್ಪ ಹೊತ್ತಿನ ಹಿಂದ ಇದ ಕುರ್ಚಿ ಮ್ಯಾಲೆ ಕುಂತು ಚಿಕ್ಕಮ್ಮನ ಮಗ ಅಂದ್ರಿ. ಈಗ ಸೈನ್ಯದಾಂವ ಅಂತೀರಿ. ನಾ ಯಾವುದು ನಂಬಲಿ? ನಾ ನಂಬಿದ್ರೂ ಮ್ಯಾಲಿನವರು ಹೆಂಗ ನಂಬತಾರ? ಮೊದಲ ಇದನ್ನ ಹೇಳಿದ್ರ ಒಂದು ತೂಕ ಇರತಿತ್ತಲ್ರೀ!”

ಆ ಮಾತು ಮುಂಡಪ್ಪನಿಗೆ ಚುಚ್ಚಿತು, ಯಾಕೆಂದರೆ ಅದು ಸರಿಯಾಗಿತ್ತು. ಇರುವ ಒಬ್ಬನೇ ಸಾಕ್ಷಿ, ಅವನೇ ಸುಳ್ಳು ಹೇಳಿ ಸಿಕ್ಕಿಬಿದ್ದವ.

“ಎರಡನ್ನೂ ಬರೆಯಿರಿ,” ಎಂದ. “ಮೊದಲು ಹೆದರಿ ಸುಳ್ಳು ಹೇಳಿದ ಅಂತ ಬರೆಯಿರಿ. ಆಮೇಲೆ ಇದನ್ನು ಬರೆಯಿರಿ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಕೇಸು ಹಾಕಿ, ಕೋರ್ಟಿಗೆ ಕರೆಯಿರಿ. ಅಲ್ಲಿ ನಾನು ಹೇಳಬೇಕಾಗ್ತದಲ್ಲ, ಯಾವ ತುಕಡಿ, ಯಾವ ಊರು, ಯಾವ ಹಡಗು ಅಂತ. ಸೈನ್ಯದವರು ಬಂದು ಹೌದೋ ಅಲ್ಲವೋ ಹೇಳಬೇಕಾಗ್ತದಲ್ಲ. ಇಷ್ಟು ವರ್ಷ ಯಾರೂ ಕೇಳಲಿಲ್ಲ ಸಾರ್. ಕೇಸು ಹಾಕಿದರಾದರೂ ಕೇಳ್ತಾರೆ.”

ಶಶಿಪ್ರಭಾ ಸಬ್ ಇನ್ಸ್‌ಪೆಕ್ಟರನ ಮುಖ ನೋಡಿದಳು. ಅವನು ಫೋನು ಎತ್ತಿಕೊಂಡು ಅಂಗಳಕ್ಕೆ ಹೋದ. ಕಿಟಕಿಯಿಂದ ಕಾಣುತ್ತಿತ್ತು: ನಡೆಯುತ್ತಾ ಮಾತಾಡುತ್ತಿದ್ದ, ನಿಂತು ಕೇಳುತ್ತಿದ್ದ, ‘ಸರ್, ಸರ್’ ಎನ್ನುತ್ತಿದ್ದ. ಒಳಗೆ ಶಶಿಪ್ರಭಾ ಬರೆಯತೊಡಗಿದಳು. ಒಂದು ಕಡೆ ತಡೆದು, “ದುಭಾಷಿ ಅಂತಲೇ ಬರೆಯಲಾ ಅಣ್ಣ?” ಎಂದು ಕೇಳಿದಳು. “ಭಾರತೀಯ ಸೇನೆಯ ದುಭಾಷಿ ಅಂತ ಬರೆ ತಂಗಿ,” ಎಂದ ಮುಂಡಪ್ಪ.

ವಾರಿಜ ಗೋಡೆಗೆ ಒರಗಿ ನಿಂತಿದ್ದಳು. ಗಂಡನ ಕಡೆ ತಿರುಗಿಯೂ ನೋಡಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಬಂದ. “ಇಬ್ಬರನ್ನೂ ಮಂಗಳೂರಿಗೆ ಕಳಸ್ರಿ ಅಂದ್ರು. ಮೇಡಂ, ನೀವೂ ಹೋಗ್ರಿ, ಹಾಳಿ ನಿಮ್ಮ ಕೈಯಾಗ ಇರಲಿ.”

ಅಂಗಳದಲ್ಲಿ ಉಮ್ಮರ್ ಅಡ್ಡ ಬಂದ. “ನಿಮಗೆ ತಲೆ ಕೆಟ್ಟಿದೆ ಮಾರಾಯ್ರೆ. ನಾನು ಎಂಥ ಹೇಳಿದೆ, ನೀವು ಎಂಥ ಮಾಡಿದಿರಿ?”

ಮುಂಡಪ್ಪ ಹೋಟೆಲಿನ ಬೀಗದ ಕೈ ಅವನಿಗೆ ಕೊಟ್ಟ. “ಸಂಜೆಗೆ ಬನ್ಸಿನ ಹಿಟ್ಟು ಕಲಸಲಿಕ್ಕೆ ನನ್ನ ಹೆಂಡತಿಗೆ ಹೇಳಿ.”

“ಯಾರಿಗೆ ಕೊಡ್ತೀರಿ ಕೀ? ನಾನೂ ಹಿಂದಿನಿಂದ ಬರ್ತಾ ಇದ್ದೇನೆ. ಹಾಳಾಗಿ ಹೋಗಲಿ ನಿಮ್ಮ ಬನ್ಸು.”

ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ವಾರಿಜ ಅಂಗಳದಲ್ಲೇ ನಿಂತಿದ್ದಳು. ಡ್ರೈವರ್ ಗೇರು ಹಾಕುವಾಗ ಓಡಿಬಂದು ಹತ್ತಿ, ಶಶಿಪ್ರಭಾಳ ಪಕ್ಕದಲ್ಲಿ ಕೂತಳು. ಬಿ.ಸಿ. ರೋಡಿನ ಟ್ರಾಫಿಕ್ಕಿನಲ್ಲಿ ನಿಂತಾಗ ಅವಳು ಚೀಲದಿಂದ ಮಾತ್ರೆ ತೆಗೆದು, ನೀರಿನ ಬಾಟಲಿ ಸಮೇತ ಗಂಡನ ಕಡೆ ಚಾಚಿದಳು. ಮುಖ ಬೇರೆ ಕಡೆ ಇತ್ತು. ಅವನು ತೆಗೆದುಕೊಂಡ.

ಮಂಗಳೂರಿನ ಆಫೀಸಿನಲ್ಲಿ ಅಧಿಕಾರಿ ಎರಡೂ ಹೇಳಿಕೆಗಳನ್ನು ಓದಿ, ಮತ್ತೊಮ್ಮೆ ಓದಿ, ಕನ್ನಡಕ ತೆಗೆದಿಟ್ಟರು.

“ನನ್ನ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ. ಹೇಳಿಕೆಯಲ್ಲಿ ಸೈನ್ಯ ಅಂತ ಬಂದ ಮೇಲೆ ದೆಹಲಿಗೆ ಬರೆಯಲೇಬೇಕು. ಉತ್ತರ ಬರುವ ತನಕ ಇವರನ್ನು ಕ್ಯಾಂಪಿನಲ್ಲಿ ಇಡಬೇಕು, ಇಲ್ಲವಾದರೆ ಇಲ್ಲಿಯ ಸಂಬಂಧಿಕರು ಯಾರಾದರೂ ಬರೆದುಕೊಟ್ಟು ತಮ್ಮ ಜವಾಬ್ದಾರಿಗೆ ತೆಗೆದುಕೊಳ್ಳಬೇಕು.” ಅವರು ಮುಂಡಪ್ಪನ ಕಡೆ ನೋಡಿದರು. “ನೀವು ಸಂಬಂಧ ಅಂತ ಹೇಳಬೇಡಿ. ಒಮ್ಮೆ ಹೇಳಿ ಆಗಿದೆ. ಕೇಸು ನಿಮ್ಮ ಮೇಲೂ ಆಗ್ತದೆ.”

ಹುಕ್ರಪ್ಪ ಕಣ್ಣು ಮುಚ್ಚಿಕೊಂಡ. ಬಾಗಿಲಲ್ಲಿ ನಿಂತಿದ್ದ ಉಮ್ಮರ್, ತನ್ನ ಹೆಸರಿನಲ್ಲಿ ಕನ್ಯಾನದಲ್ಲಿ ಜಾಗ ಉಂಟು ಎಂದು ಏನೋ ಶುರುಮಾಡಿದ. ಅಧಿಕಾರಿ ಕೈ ಎತ್ತಿ ನಿಲ್ಲಿಸಿದರು.

“ಸಂಬಂಧವೇ,” ಎಂದಳು ವಾರಿಜ.

ಎಲ್ಲರೂ ತಿರುಗಿದರು.

“ಈ ಮಿಲಿಟರಿಯವರು ನನ್ನ ಅಣ್ಣ. ಬಂಗೇರ. ನಾನು ಬಂಗೇರ. ಅದು ಸುಳ್ಳಲ್ಲ, ನಮ್ಮ ಮನೆಯ ದೈವದ ಹತ್ತಿರ ಬೇಕಾದರೂ ಹೇಳ್ತೇನೆ.” ಅವಳು ಹುಕ್ರಪ್ಪನ ಕಡೆ ಬೆರಳು ಮಾಡಿದಳು. “ಅವರು ಎಲ್ಲಿಯವರೋ ನನಗೆ ಗೊತ್ತಿಲ್ಲ, ಅದನ್ನು ನಾನು ಮನೆಯಲ್ಲಿ ಕೇಳ್ತೇನೆ. ತಾಳಿ ಕಟ್ಟಿದ್ದು ಅವರೇ ಅಲ್ವಾ? ಹಾಗಾದರೆ ನನ್ನ ಅಣ್ಣನಿಗೆ ಅವರು ಭಾವ.”

ಅಧಿಕಾರಿ ಶಶಿಪ್ರಭಾಳ ಕಡೆ ನೋಡಿದರು. “ಹೌದಾ?”

“ಲೆಕ್ಕ ಸರಿ ಉಂಟು ಸಾರ್,” ಎಂದಳು ಶಶಿಪ್ರಭಾ.

ಹೊರಗೆ ಬಸ್ಸುಗಳ ಸದ್ದು. ಅಧಿಕಾರಿ ಕನ್ನಡಕ ಹಾಕಿಕೊಂಡು ಒಂದು ಕಾಗದ ಮುಂದೆ ತಳ್ಳಿದರು. “ತಾಲೂಕು ಬಿಟ್ಟು ಹೋಗಬಾರದು. ವಾರ ವಾರ ಠಾಣೆಗೆ ಬರಬೇಕು. ಇವರು ತಪ್ಪಿಸಿಕೊಂಡರೆ ನೀವು ಒಳಗೆ. ದೆಹಲಿಯಿಂದ ಏನು ಬರ್ತದೆ ಅಂತ ನಾನು ಹೇಳಲಾರೆ. ಇಲ್ಲ ಅಂತ ಬಂದರೆ ಕಳಿಸಬೇಕಾಗ್ತದೆ.”

“ಬರಲಿ,” ಎಂದು ಮುಂಡಪ್ಪ ಸಹಿ ಹಾಕಿದ. “ಏನಾದರೂ ಬರಲಿ. ಬರೆದು ಕೇಳಿದ ಹಾಗಾಯಿತಲ್ಲ.”

“ಈಗ ಅವರ ಸಹಿ.”

ಹುಕ್ರಪ್ಪ ಪೆನ್ನು ಹಿಡಿದ. “ಯಾವುದು ಹಾಕಲಿ ಮುಂಡಪ್ಪಣ್ಣ?”

“ನಿನ್ನದು.”

ಅವನು ಬಗ್ಗಿ ತಮಿಳಿನಲ್ಲಿ ಒಂದು ಅಕ್ಷರ ಬರೆದ, ಇನ್ನೊಂದು ಬರೆದ, ಮೂರನೆಯದು ನೆನಪಾಗದೆ ಕೈ ತಡೆಯಿತು. ಅಧಿಕಾರಿ ಗಡಿಯಾರ ನೋಡಿದರು. ವಾರಿಜ ಮೆಲ್ಲಗೆ ಹತ್ತಿರ ಬಂದು, ಗಂಡನ ಹೆಗಲ ಮೇಲಿನಿಂದ ಬಗ್ಗಿ, ಆ ಗುರುತಿಲ್ಲದ ಅಕ್ಷರಗಳನ್ನು ನೋಡುತ್ತಾ ನಿಂತಳು.